ನೂರು ರೂಪಾಯಿ ದಂಡಕ್ಕೆ ಹತ್ತು ರೂಪಾಯಿಯ ಸ್ಟ್ಯಾಂಪು

ಕೇಳುಗರಿಗೆ ನಮಸ್ಕಾರ.

ಕೆಲವು ತಿಂಗಳ ಹಿಂದಿನ ಮಾತು. ಮನೆಯವಳಿಗೆ ಮಂಡಿನೋವು. ಪೆರ್ಲದಿಂದ ನಮ್ಮ ಹಳೆಯ ಮಾರುತಿಯಲ್ಲಿ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಒಂದು ಪೇಟೆಗೆ ಡಾಕ್ಟರ ಹತ್ತಿರ ಹೋದೆವು. ಯಾವ ಪೇಟೆ, ಯಾವ ಕಟ್ಟಡ ಅಂತ ಹೇಳುವುದಿಲ್ಲ. ನಾಳೆಯೂ ನಾನು ಅಲ್ಲಿಯೇ ಗಾಡಿ ನಿಲ್ಲಿಸಬೇಕಲ್ಲ!

ಕಟ್ಟಡದ ಅಡಿಯಲ್ಲಿ ಖಾಸಗಿ ಪಾರ್ಕಿಂಗ್. ಒಬ್ಬ ಹುಡುಗ ಬಂದು ಗಾಡಿಯ ನಂಬರ್ ಮೊಬೈಲಿನಲ್ಲಿ ಒತ್ತಿಕೊಂಡ. ನನ್ನ ಫೋನ್ ನಂಬರನ್ನೂ ಕೇಳಿದ. ಕೊಟ್ಟೆ. ಯಾಕೆ ಬೇಕು ಅಂತ ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ಗೊತ್ತಾಗದಿದ್ದರೆ ಕೇಳಿ" ಅಂತ ಹೇಳಿಕೊಟ್ಟವನು ನಾನು. ಇರಲಿ.

ಡಾಕ್ಟರ ಹತ್ತಿರ ಎರಡು ಗಂಟೆ ಕಾದು ಹೊರಗೆ ಬಂದರೆ ಪಾರ್ಕಿಂಗ್ ಚೀಟಿ ಕಾಣೆ. ಅದು ಎಕ್ಸ್‌ರೇ ಕವರಿನೊಳಗೆ ಸೇರಿಕೊಂಡಿತ್ತು ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ. ಹುಡುಗ ಹೇಳಿದ, "ಚೀಟಿ ಇಲ್ಲದಿದ್ದರೆ ನೂರು ರೂಪಾಯಿ ದಂಡ, ಮಾಷ್ಟ್ರೇ. ನಾನು ಮಾಡಿದ್ದಲ್ಲ, ಧಣಿಗಳು ಹೇಳಿದ್ದು." ಹಿಂದೆ ಎರಡು ಗಾಡಿ ಹಾರ್ನ್ ಹಾಕುತ್ತಿದ್ದವು. ಬಾಡಿಗೆಯ ಜೊತೆಗೆ ನೂರು ಕೊಟ್ಟು ಬಂದೆ.

ಆ ವಾರದಿಂದ ಫೋನಿಗೆ ಇನ್ಶೂರೆನ್ಸ್, ಟಯರ್, ಸಾಲ ಅಂತ ಮೆಸೇಜುಗಳು ಶುರುವಾದವು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಇದೆ ಅಂತ ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ತಲೆಯಲ್ಲಿ ಹುಳ ಹೊಕ್ಕಿತು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ಫೋನ್ ಮಾಡಿದಾಗ ಇದನ್ನು ಹೇಳಿಕೊಂಡೆ. ಅವಳು ನಕ್ಕಳು. "ಮಾವ, ನಿಮ್ಮದು ನೂರು ರೂಪಾಯಿ. ನನಗೆ ಬಂದದ್ದು ನೂರು ಪೌಂಡಿನ ಕಾಗದ" ಅಂದಳು.

ಅಲ್ಲಿನ ಕಥೆ ಹೀಗೆ. ಖಾಸಗಿ ಪಾರ್ಕಿಂಗ್‌ನಲ್ಲಿ ಎಷ್ಟೋ ಕಡೆ ಮನುಷ್ಯರೇ ಇರುವುದಿಲ್ಲ. ಬಾಗಿಲಲ್ಲಿ ಕ್ಯಾಮೆರಾ. ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತದೆ. ಹಣ ಕಟ್ಟಿಲ್ಲ ಅಂತ ಕಂಪನಿಗೆ ಅನಿಸಿದರೆ, ಅದು ಅಲ್ಲಿನ ಸರ್ಕಾರಿ ವಾಹನ ಇಲಾಖೆಗೆ ಎರಡೂವರೆ ಪೌಂಡ್ ಕೊಟ್ಟು ಗಾಡಿ ಯಾರ ಹೆಸರಿನಲ್ಲಿದೆ, ವಿಳಾಸ ಏನು ಅಂತ ತಿಳಿದುಕೊಳ್ಳುತ್ತದೆ. ಆಮೇಲೆ ಮನೆಗೆ ಕಾಗದ ಬರುತ್ತದೆ. ನಮ್ಮಲ್ಲೂ ಇಂಥದ್ದೊಂದು ನಡೆದಿತ್ತು. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನಗಳ ಮಾಹಿತಿಯನ್ನು ರಾಶಿಗಟ್ಟಲೆ ಕಂಪನಿಗಳಿಗೆ ಕೊಡುವ ನೀತಿ ತಂದು, 3 ಕೋಟಿ ರೂಪಾಯಿ ದರ ಇಟ್ಟಿತು. 2020ರಲ್ಲಿ ಅದನ್ನು ಕೈಬಿಟ್ಟಿತು. ಅಲ್ಲಿ ಚಿಲ್ಲರೆ, ಇಲ್ಲಿ ಸಗಟು.

ನಮ್ಮ ಹುಡುಗಿ ಜಗಳಕ್ಕೆ ಹೋಗಲಿಲ್ಲ. ಎರಡು ಪತ್ರ ಬರೆದಳು. ಒಂದು ಪಾರ್ಕಿಂಗ್ ಕಂಪನಿಗೆ: "ನನ್ನ ಬಗ್ಗೆ ನಿಮ್ಮ ಹತ್ತಿರ ಇರುವ ಎಲ್ಲ ಮಾಹಿತಿಯ ಪ್ರತಿ ಕೊಡಿ." ಅಲ್ಲಿನ ದತ್ತಾಂಶ ರಕ್ಷಣೆಯ ಕಾನೂನಿನ ಪ್ರಕಾರ ಅದಕ್ಕೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪುಕ್ಕಟೆಯಾಗಿ ಉತ್ತರ ಕೊಡಬೇಕು. ಇನ್ನೊಂದು ಪತ್ರ, ಅವಳು ಗಾಡಿ ನಿಲ್ಲಿಸಿದ್ದ ಆಸ್ಪತ್ರೆಗೆ. ಪಾರ್ಕಿಂಗ್ ಜಾಗ ಆಸ್ಪತ್ರೆಯದು, ಆಸ್ಪತ್ರೆ ಸರ್ಕಾರದ್ದು. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಕಂಪನಿಯ ಜೊತೆಗಿನ ಕರಾರಿನ ಪ್ರತಿ ಕೇಳಿದಳು. ಇದಕ್ಕೆ 20 ಕೆಲಸದ ದಿನಗಳ ಗಡುವು.

ಕಂಪನಿ ಕಳಿಸಿದ ಕಾಗದಗಳಲ್ಲಿ ಹಣ ಕಟ್ಟುವ ಯಂತ್ರದ ಪಟ್ಟಿಯೂ ಇತ್ತು. ನೋಡಿದರೆ, ಇವಳು ಆ ದಿನ ಹಣ ಕಟ್ಟಿದ್ದಾಳೆ! ಗಾಡಿಯ ನಂಬರ್ ಒತ್ತುವಾಗ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದ್ದಾಳೆ, ಅಷ್ಟೆ. ಇತ್ತ ಕರಾರಿನಲ್ಲಿ, ದಂಡ ರದ್ದು ಮಾಡಲು ಹೇಳುವ ಅಧಿಕಾರ ಆಸ್ಪತ್ರೆಗೆ ಇದೆ ಅಂತ ಬರೆದಿತ್ತು. ಎರಡನ್ನೂ ಜೋಡಿಸಿ ಆಸ್ಪತ್ರೆಗೆ ಬರೆದಳು. ದಂಡ ರದ್ದಾಯಿತು. ಅಂದರೆ ಅಲ್ಲಿನ ದಂಡಗಳೆಲ್ಲ ಸುಳ್ಳು ಅಂತಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 85 ಪೌಂಡಿನ ಒಂದು ಪಾರ್ಕಿಂಗ್ ದಂಡವನ್ನು ಸರಿ ಅಂತಲೇ ಹೇಳಿದೆ. ಕಾಗದವನ್ನು ಕಸದ ಬುಟ್ಟಿಗೆ ಹಾಕಿ ಸುಮ್ನೆ ಕೂತರೆ ವಿಷಯ ಕೋರ್ಟಿಗೂ ಹೋಗಬಹುದು.

"ಮಾವ, ನೀವೂ ಕಾಗದ ಕೇಳಿ" ಅಂದಳು.

ನಾನು ಮೊದಲು ನೋಡಿದ್ದು, ಕೇರಳದಲ್ಲಿ ಕಟ್ಟಡದವರು ಪಾರ್ಕಿಂಗ್ ಹಣ ತೆಗೆದುಕೊಳ್ಳಬಹುದೇ ಅಂತ. ತೆಗೆದುಕೊಳ್ಳಲೇಬಾರದು ಅಂತ ನಾನು ನಂಬಿದ್ದೆ. ಆಸೆಗೆ ತಣ್ಣೀರು ಬಿತ್ತು. ಎರ್ನಾಕುಳಂ ಕಡೆಯ ಒಂದು ದೊಡ್ಡ ಮಾಲಿನ ವ್ಯಾಜ್ಯದಲ್ಲಿ ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ ಮಾಲಿನವರ ಪರವಾಗಿ ಹೇಳಿತು. ನಗರಸಭೆಯ ಲೈಸೆನ್ಸ್ ಇದ್ದರೆ ಶುಲ್ಕ ತೆಗೆದುಕೊಳ್ಳಬಹುದು. ಸರಿ. ಹಾಗಾದರೆ ಲೈಸೆನ್ಸ್ ಇದೆಯಾ? ಅದರಲ್ಲಿ ಏನು ಬರೆದಿದೆ?

ಖಾಸಗಿಯವರಿಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಆಗುವುದಿಲ್ಲ. ಆದರೆ ಅವರ ಲೈಸೆನ್ಸ್ ನಗರಸಭೆಯ ಕಡತದಲ್ಲಿ ಇರುತ್ತದೆ. ಕಡತ ನಮ್ಮದು. 2005ರ ಕಾನೂನಿನಲ್ಲಿ ಹತ್ತು ರೂಪಾಯಿ ಶುಲ್ಕ. ಕೇರಳದಲ್ಲಿ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪನ್ನು ಅರ್ಜಿಗೇ ಅಂಟಿಸಿದರೆ ಸಾಕು. ನಿಮಗೆ ಯಾಕೆ ಬೇಕು ಅಂತ ಅವರು ಕೇಳುವ ಹಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಅಪೀಲು, ಅದೂ ಆಗದಿದ್ದರೆ ತಿರುವನಂತಪುರದ ಮಾಹಿತಿ ಆಯೋಗ.

ಇಲ್ಲಿ ಒಂದು ಸೂಕ್ಷ್ಮ ಇದೆ. ನನ್ನ ಮೊದಲ ಕರಡಿನಲ್ಲಿ ನಾನು ಬರೆದದ್ದು: "ಬಡ ರೋಗಿಗಳಿಂದ ನೂರು ರೂಪಾಯಿ ದಂಡ ಕೀಳುವುದು ನ್ಯಾಯವೇ?" ಭಾಷಣಕ್ಕೆ ಚೆನ್ನಾಗಿದೆ. ಅರ್ಜಿಗೆ ಆಗುವುದಿಲ್ಲ. ನ್ಯಾಯವೇ ಅನ್ಯಾಯವೇ ಅಂತ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸ ಅಲ್ಲ. ಅವರ ಕಪಾಟಿನಲ್ಲಿರುವ ಕಾಗದ ಕೊಡುವುದು ಅವರ ಕೆಲಸ. ಹಾಗಾಗಿ ಹರಿದು ಹಾಕಿ ಮತ್ತೆ ಬರೆದೆ. ಈ ಜಾಗದ ಪಾರ್ಕಿಂಗ್ ಲೈಸೆನ್ಸಿನ ಪ್ರತಿ. ಅದರ ಷರತ್ತುಗಳ ಪ್ರತಿ. ಒಪ್ಪಿಗೆಯಾದ ದರಪಟ್ಟಿ ಇದ್ದರೆ ಅದರ ಪ್ರತಿ. ಕಟ್ಟಡದ ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್‌ಗೆ ಎಷ್ಟು ಜಾಗ ತೋರಿಸಿದ್ದಾರೆ, ಆ ಪುಟದ ಪ್ರತಿ. ಮಾಲೀಕರ ಹೆಸರು, ವಿಳಾಸ ಬೇಕೆಂದೇ ಕೇಳಲಿಲ್ಲ. ನಮ್ಮಲ್ಲಿ ಹೊಸ ದತ್ತಾಂಶ ರಕ್ಷಣೆಯ ಕಾನೂನು ಬಂದ ಮೇಲೆ ಮಾಹಿತಿ ಹಕ್ಕಿನ ಒಂದು ಕಲಮು ಬದಲಾಗಿದೆ. "ಇದು ವೈಯಕ್ತಿಕ ಮಾಹಿತಿ" ಅಂತ ಹೇಳಿ ಬಾಗಿಲು ಮುಚ್ಚುವುದು ಈಗ ಮೊದಲಿಗಿಂತ ಸುಲಭ. ಆ ನೆಪಕ್ಕೆ ನಾವೇ ಯಾಕೆ ಜಾಗ ಕೊಡಬೇಕು?

ಅರ್ಜಿಯನ್ನು ಕನ್ನಡದಲ್ಲೇ ಬರೆದೆ. ಗಡಿನಾಡಿನ ನಾವು ಮರೆತ ವಿಷಯ ಇದು. 1969ರ ಕೇರಳದ ಆಡಳಿತ ಭಾಷೆಯ ಕಾನೂನಿನಲ್ಲಿ, ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ನನಗೆ 28ನೇ ದಿನ ಉತ್ತರ ಬಂತು. ಮಲಯಾಳದಲ್ಲಿ! ಓದಲು ಬರುತ್ತದೆ ಅಂತ ಬಿಟ್ಟೆ. ಬಿಡಬಾರದಿತ್ತು.

ಲೈಸೆನ್ಸ್ ಇತ್ತು. ಗಂಟೆಗೆ ಎಷ್ಟು ಅಂತ ದರಪಟ್ಟಿಯೂ ಇತ್ತು. ಚೀಟಿ ಕಳೆದುಹೋದರೆ ನೂರು ರೂಪಾಯಿ ದಂಡ ಅಂತ ಎಲ್ಲೂ ಇರಲಿಲ್ಲ. ಅದರ ಪ್ರತಿಯ ಜೊತೆ ನಗರಸಭೆಯ ಸೆಕ್ರೆಟರಿಯವರಿಗೆ ಒಂದು ದೂರು ಕೊಟ್ಟೆ. ಬೇಕಿದ್ದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದಿತ್ತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ. ಆದರೆ ನನಗೆ ಅಷ್ಟು ಉಮೇದು ಇರಲಿಲ್ಲ.

ಇನ್ನು ಆ ಫೋನ್ ನಂಬರ್. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ದತ್ತಾಂಶ ರಕ್ಷಣೆಯ ಕಾನೂನು ಬಂತು. 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಆದರೆ "ನನ್ನ ಬಗ್ಗೆ ಏನಿದೆ ತೋರಿಸಿ, ಬೇಡದ್ದನ್ನು ಅಳಿಸಿ" ಅಂತ ಕೇಳುವ ಹಕ್ಕು ಆ ಅಧಿಸೂಚನೆಯ ಪ್ರಕಾರ ಜಾರಿಗೆ ಬರುವುದು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಮದುವೆ ನಿಶ್ಚಯ ಆಗಿದೆ, ಊಟಕ್ಕೆ ಇನ್ನೂ ಕಾಯಬೇಕು. ಅದರಲ್ಲಿ ನನಗೆ ಇಷ್ಟವಾದ ಒಂದು ಮಾತು ಉಂಟು. ನಮ್ಮ ಮಾಹಿತಿ ಯಾಕೆ ಬೇಕು ಅಂತ ತಿಳಿಸುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿ ಇದೆ. ಕಾಸರಗೋಡಿನಲ್ಲಿ ನಿಂತು ಕೇಳಿದರೂ ಕನ್ನಡ ಕನ್ನಡವೇ.

ಹಾಗಂತ ನಾನು ಕಾಯಲಿಲ್ಲ. ಪಾರ್ಕಿಂಗ್ ನಡೆಸುವವರಿಗೆ ಒಂದು ಕಾಗದ ಬರೆದೆ. ನನ್ನ ನಂಬರ್ ಯಾಕೆ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ದಯವಿಟ್ಟು ಅಳಿಸಿ. ಬಿಲ್ಲಿಗಾಗಿ ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳವರಿಗೆ ಹೇಳಿದ್ದನ್ನೂ ಸೇರಿಸಿದೆ. ಎರಡು ಸಾಲಿನ ಉತ್ತರ ಬಂತು: ಅಳಿಸಿದ್ದೇವೆ. ಯಾರಿಗೆ ಕೊಟ್ಟರು ಅನ್ನುವುದಕ್ಕೆ ಉತ್ತರ ಇಲ್ಲ. ಟಯರಿನವರು ಈಗಲೂ ಆಗಾಗ ನನ್ನ ಯೋಗಕ್ಷೇಮ ವಿಚಾರಿಸುತ್ತಾರೆ.

ಮೊನ್ನೆ ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಪಾರ್ಕಿಂಗ್ ಬಾಗಿಲಲ್ಲಿ ಹೊಸ ಬೋರ್ಡು. ಗಂಟೆಗೆ ಇಷ್ಟು, ಆಮೇಲೆ ಇಷ್ಟು. ನೂರು ರೂಪಾಯಿಯ ಸುದ್ದಿಯೇ ಇಲ್ಲ. ಹುಡುಗ ಗಾಡಿಯ ನಂಬರ್ ಬರೆದುಕೊಂಡ. ಫೋನ್ ನಂಬರ್ ಕೇಳಲಿಲ್ಲ. "ನಮಗೂ ಒಳ್ಳೆಯದಾಯಿತು ಮಾಷ್ಟ್ರೇ, ದಿನಾ ಬೈಗುಳ ತಿನ್ನುವುದು ತಪ್ಪಿತು" ಅಂದ. ನನ್ನ ನೂರು ರೂಪಾಯಿ ವಾಪಸು ಬರಲಿಲ್ಲ. ಮನೆಯವಳು ಚೀಟಿಯನ್ನು ಮಡಚಿ ಬಳೆಯೊಳಗೆ ಸಿಕ್ಕಿಸಿಕೊಂಡಳು.

ಬೋರ್ಡು ಮಲಯಾಳ ಮತ್ತು ಇಂಗ್ಲಿಷಿನಲ್ಲಿದೆ. ಬರುವಾಗ ದಾರಿಯಲ್ಲಿ ಇನ್ನೊಂದು ಹತ್ತು ರೂಪಾಯಿಯ ಸ್ಟ್ಯಾಂಪು ತೆಗೆದುಕೊಂಡೆ.

ನಮಸ್ಕಾರ.