ಆರ್ಟ್ ಸ್ಕೂಲಿಗೆ ಸೇರುವ ಮುನ್ನ

ಕೇಳುಗ ಬಂಧುಗಳಿಗೆ ನಮಸ್ಕಾರ.

ಹನ್ನೆರಡನೆಯ ಪರೀಕ್ಷೆ ಮುಗಿಯುತ್ತಿದ್ದಂತೆ, ಮುಂದೆ ಚಿತ್ರಕಲೆಯನ್ನೇ ಓದುತ್ತೇನೆಂದು ಹಟ ಹಿಡಿಯುವ ಮಕ್ಕಳು ಮಾಟುಂಗ, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಇದ್ದಾರೆ, ಪುಣೆ, ವಾಸ್ಕೋಗಳಲ್ಲೂ ಇದ್ದಾರೆ. ಅಪ್ಪ ಅಮ್ಮ ಮೊದಲು ವಿಚಾರಿಸುವುದು ಯಾವ ಕಾಲೇಜು ಒಳ್ಳೆಯದು ಅಂತ. ಯಾವ ವಿಭಾಗ ಎನ್ನುವುದು ತೀರ್ಮಾನವಾಗದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಮುಂಬೈಯ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟನ್ನೇ ತೆಗೆದುಕೊಳ್ಳಿ. 1857ರಲ್ಲಿ ಶುರುವಾದ ಸಂಸ್ಥೆ, ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಕಲಿತದ್ದು ಅಲ್ಲಿ, ಆಮೇಲೆ ಕೆಲವು ವರ್ಷ ಪಾಠ ಹೇಳಿದ್ದೂ ಅಲ್ಲೇ. ಹಾಗಾಗಿ ನಮ್ಮವರಿಗೆ ಆ ಹೆಸರಿನ ಮೇಲೆ ತುಸು ಹೆಚ್ಚೇ ಮೋಹ. ಆದರೆ ಜೆ.ಜೆ. ಅಂದರೆ ಒಂದೇ ವಿದ್ಯೆಯಲ್ಲ. ವರ್ಣಚಿತ್ರ, ಶಿಲ್ಪ, ಸೆರಾಮಿಕ್ಸ್, ಜವಳಿ ವಿನ್ಯಾಸಗಳೆಲ್ಲ ಒಂದು ಕಡೆ. ಅಪ್ಲೈಡ್ ಆರ್ಟ್ 1958ರಲ್ಲೇ ಬೇರೆ ಸಂಸ್ಥೆಯಾಯಿತು. ಆರ್ಕಿಟೆಕ್ಚರ್ ಮತ್ತೊಂದು, ಅದಕ್ಕೆ ಹನ್ನೆರಡನೆಯಲ್ಲಿ ಗಣಿತ ಓದಿರಬೇಕು, ಓದು ಐದು ವರ್ಷ. ಬಿ.ಎಫ್.ಎ., ಅಂದರೆ ಲಲಿತಕಲೆಯ ಪದವಿ, ನಾಲ್ಕು ವರ್ಷದ್ದು, ಹನ್ನೆರಡನೆಯಲ್ಲಿ ಕಾಮರ್ಸ್, ಆರ್ಟ್ಸ್, ಸೈನ್ಸ್ ಯಾವುದಾದರೂ ನಡೆಯುತ್ತದೆ.

ಪೇಂಟಿಂಗ್ ವಿಭಾಗದಲ್ಲಿ ಮಾದರಿಯಾಗಿ ಕೂತವರನ್ನು ನೋಡಿ ಬರೆಯುವುದು, ಜೋಡಿಸಿಟ್ಟ ವಸ್ತುಗಳನ್ನು ಬರೆಯುವ ಸ್ಟಿಲ್ ಲೈಫ್, ಸಂಯೋಜನೆ, ಮುದ್ರಣಚಿತ್ರ. ಕ್ರಮೇಣ ವಿಷಯವನ್ನು ಹುಡುಕಿಕೊಳ್ಳುವ ಹೊಣೆ ವಿದ್ಯಾರ್ಥಿಯದೇ. ಅಪ್ಲೈಡ್ ಆರ್ಟಿನಲ್ಲಿ ಅಕ್ಷರವಿನ್ಯಾಸ, ಪ್ಯಾಕೇಜಿಂಗ್, ಜಾಹೀರಾತು, ಇಲಸ್ಟ್ರೇಶನ್, ಫೋಟೋಗ್ರಫಿ. ಅಲ್ಲಿ ವಿಷಯ ಬೇರೆಯವರದು, ಗಡುವೂ ಅವರದೇ. ರಜೆಯಲ್ಲಿ ಯಾರೂ ಹೇಳದಿದ್ದರೂ ಮಗ ಏನು ಮಾಡುತ್ತಾನೆ, ಮಗಳು ಏನು ಮಾಡುತ್ತಾಳೆ ಅಂತ ಗಮನಿಸಿ. ಒಂದೇ ಮುಖವನ್ನು ಹತ್ತು ಸಲ ಬರೆಯುವವರಿದ್ದಾರೆ. ಗಣೇಶೋತ್ಸವ ಮಂಡಳಿಯ ಬ್ಯಾನರಿನ ಅಕ್ಷರ ತಿದ್ದಿ ಕೊಡುವವರಿದ್ದಾರೆ. ಈ ಇಬ್ಬರೂ ಒಂದೇ ತರಗತಿಯಲ್ಲಿ ಕೂರಬೇಕಾದವರಲ್ಲ. ಇನ್ನು ಬಳಸುವ ವಸ್ತುಗಳ ವಿನ್ಯಾಸದಲ್ಲಿ ಆಸಕ್ತಿಯಿದ್ದರೆ ಪೊವಾಯಿಯ ಐಐಟಿಯಲ್ಲಿ ಬಿ.ಡೆಸ್. ಎಂಬ ವಿನ್ಯಾಸದ ಪದವಿ ಇದೆ. ಅದಕ್ಕೆ ಯೂಸೀಡ್ ಎಂಬ ಬೇರೆಯೇ ಪರೀಕ್ಷೆ. ಚಿತ್ರದ ಜೊತೆಗೆ ತರ್ಕದ ಪ್ರಶ್ನೆಗಳೂ ದಂಡಿಯಾಗಿರುತ್ತವೆ.

ಪುಣೆಯವರಿಗೆ ತಿಲಕ್ ರೋಡಿನ ಅಭಿನವ ಕಲಾ ಮಹಾವಿದ್ಯಾಲಯ, ಧನಕವಡಿಯ ಭಾರತಿ ವಿದ್ಯಾಪೀಠದ ಕಲಾ ಕಾಲೇಜು ಇವೆ. ಗೋವಾದಲ್ಲಿ ಪಣಜಿಯ ಆಲ್ತಿನ್ಹೊ ಗುಡ್ಡದ ಮೇಲಿನ ಗೋವಾ ಕಾಲೇಜ್ ಆಫ್ ಆರ್ಟ್. ಖಾಸಗಿ ಸಂಸ್ಥೆಗಳಂತೂ ಬೇಕಾದಷ್ಟು. ಎಲ್ಲಿಗೇ ಹೋದರೂ, ಕೊನೆಗೆ ಕೈಗೆ ಬರುವ ಕಾಗದ ಪದವಿಯೋ, ಡಿಪ್ಲೊಮಾವೋ, ಬರೀ ಸರ್ಟಿಫಿಕೇಟೋ, ಕೊಡುವ ವಿಶ್ವವಿದ್ಯಾಲಯ ಯಾವುದು ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಮುಂದೆ ಸ್ನಾತಕೋತ್ತರ ಎಂ.ಎಫ್.ಎ. ಮಾಡುವಾಗ ಮೊದಲು ನೋಡುವುದು ಅದನ್ನೇ.

ಕಾಲೇಜನ್ನು ಅಳೆಯಲು ಅದರ ವಾರ್ಷಿಕ ಪ್ರದರ್ಶನಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಬಹುಮಾನದ ಚೀಟಿ ಅಂಟಿಸಿದ ಚಿತ್ರಗಳನ್ನು ಬಿಟ್ಟು ಎರಡನೆಯ ವರ್ಷದವರ ಗೋಡೆಯ ಮುಂದೆ ನಿಲ್ಲಿ. ಇಪ್ಪತ್ತು ಜನರ ಕೆಲಸವೂ ಒಂದೇ ಕೈಯಿಂದ ಬಂದಂತೆ ಕಂಡರೆ, ಅಲ್ಲಿ ಮೇಷ್ಟರ ಶೈಲಿ ಕಲಿಸುತ್ತಾರೆ ಅಂತಲೇ ಲೆಕ್ಕ. ಮುದ್ರಣ ವಿಭಾಗದ ಪ್ರೆಸ್ಸಿನ ರೋಲರಿಗೆ ತುಕ್ಕು ಹಿಡಿದಿದೆಯೇ, ಸೆರಾಮಿಕ್ಸ್ ಸುಡುವ ಕುಲುಮೆ ತಿಂಗಳಿಗೆ ಎಷ್ಟು ಸಲ ಉರಿಯುತ್ತದೆ, ಮಾಡೆಲ್ ವಾರಕ್ಕೆ ಎಷ್ಟು ದಿನ ಬರುತ್ತಾರೆ, ಇವನ್ನು ವಿದ್ಯಾರ್ಥಿಗಳ ಹತ್ತಿರವೇ ವಿಚಾರಿಸಿ. ಸ್ಟುಡಿಯೋದ ಕಿಟಕಿ ಉತ್ತರಕ್ಕಿದ್ದರೆ ಒಳ್ಳೆಯದು: ನೇರ ಬಿಸಿಲು ಬೀಳುವುದು ಕಡಿಮೆ, ಬೆಳಗಿನ ನೆರಳು ಮಧ್ಯಾಹ್ನಕ್ಕೆ ಜಾಗ ಬದಲಿಸುವುದಿಲ್ಲ.

ಇನ್ನು ಪ್ರವೇಶ ಪರೀಕ್ಷೆ. ಮಹಾರಾಷ್ಟ್ರದಲ್ಲಿ ಬಿ.ಎಫ್.ಎ.ಗೆ ರಾಜ್ಯದ ಸಿಇಟಿ ಸೆಲ್ ಪರೀಕ್ಷೆ ನಡೆಸುತ್ತದೆ: ವಸ್ತುಚಿತ್ರಣ, ನೆನಪಿನ ಚಿತ್ರ, ಡಿಸೈನ್, ಜೊತೆಗೆ ಸಾಮಾನ್ಯ ಜ್ಞಾನ. ಜೆ.ಜೆ. 2023ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿರುವುದರಿಂದ ಅದರ ಪ್ರಕಟಣೆಯನ್ನು ಬೇರೆಯಾಗಿಯೇ ನೋಡಿಕೊಳ್ಳಿ. ಹಿಂದಿನ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ.

ವಸ್ತುಚಿತ್ರಣದಲ್ಲಿ ಅಂಕ ಸೋರಿಹೋಗುವುದು ಬಿಂದಿಗೆ, ಬಕೆಟ್ಟಿನಂಥ ದುಂಡು ವಸ್ತುಗಳಲ್ಲಿ. ಬಕೆಟ್ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದಾಗ ಅದರ ಬಾಯಿ ಚಪ್ಪಟೆ ದೀರ್ಘವೃತ್ತವಾಗಿ ಕಾಣುತ್ತದೆ. ತಳ ಕಣ್ಣಿನ ಮಟ್ಟದಿಂದ ಇನ್ನೂ ದೂರ ಇರುವುದರಿಂದ ತಳದ ಬಾಗು ಬಾಯಿಗಿಂತ ಹೆಚ್ಚು ದುಂಡಗಿರಬೇಕು. ನೆಲ ಸಪಾಟಾಗಿದೆ ಎಂಬ ತಿಳಿವಳಿಕೆಯಿಂದ ಮಕ್ಕಳು ಅಲ್ಲಿ ನೇರ ಗೆರೆ ಎಳೆದುಬಿಡುತ್ತಾರೆ, ಬಕೆಟ್ ಅರ್ಧಕ್ಕೆ ಕತ್ತರಿಸಿದಂತೆ ಕಾಣುತ್ತದೆ. ದೀರ್ಘವೃತ್ತದ ಎರಡು ತುದಿ ಎಂದೂ ಚೂಪಾಗುವುದಿಲ್ಲ. ಪೆನ್ಸಿಲ್ ಹಿಡಿದು ಅಳತೆ ತೆಗೆಯುವಾಗ ಮೊಣಕೈ ನೀಟಾಗಿ ಚಾಚಿರಲಿ, ಒಂದು ಕಣ್ಣು ಮುಚ್ಚಿರಲಿ. ಮೊಣಕೈ ತುಸು ಮಡಚಿದರೂ ಹಿಂದಿನ ಅಳತೆಗೂ ಈಗಿನದಕ್ಕೂ ತಾಳೆಯಾಗುವುದಿಲ್ಲ. ಶೇಡಿಂಗಿನಲ್ಲಿ ಅಂಚಿಗೆ ಕಪ್ಪು ಬಳಿಯುವುದು ಇನ್ನೊಂದು ಚಟ. ಮೇಜಿನಿಂದ ಚಿಮ್ಮಿದ ಬೆಳಕು ಅಂಚಿಗೆ ಬೀಳುವುದರಿಂದ ಅತಿ ಗಾಢ ಪಟ್ಟಿ ಅಂಚಿಗಿಂತ ಸ್ವಲ್ಪ ಒಳಗಿರುತ್ತದೆ. ಅದನ್ನು ಹಿಡಿದರೆ ಬಿಂದಿಗೆ ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ.

ನೆನಪಿನ ಚಿತ್ರಕ್ಕೆ ಸಂತೆ, ಬಸ್ ಸ್ಟಾಪ್, ರೈಲು ನಿಲ್ದಾಣದಂಥ ವಿಷಯಗಳು ಬರುತ್ತವೆ. ದೂರದವರನ್ನು ಚಿಕ್ಕದಾಗಿ ಬರೆಯಬೇಕು ಎಂಬುದು ಎಲ್ಲರಿಗೂ ಗೊತ್ತು, ತಲೆ ಎಲ್ಲಿ ಬರಬೇಕು ಎಂಬುದು ಗೊತ್ತಿರುವುದಿಲ್ಲ. ಸಮತಟ್ಟು ನೆಲದಲ್ಲಿ ನೀವು ನಿಂತು ನೋಡುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣು, ಹತ್ತಿರದವರದಾಗಲಿ ದೂರದವರದಾಗಲಿ, ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ. ದೂರ ಹೋದಂತೆ ಪಾದ ಮಾತ್ರ ಮೇಲೇರುತ್ತದೆ. ಮಾಟುಂಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ನಿಂತರೆ ಇದು ಕಣ್ಣಾರೆ ಕಾಣುತ್ತದೆ. ತಲೆಯ ಉದ್ದವನ್ನೇ ಅಳತೆಯಾಗಿಟ್ಟುಕೊಂಡರೆ ನಿಂತ ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆ, ಪುಟ್ಟ ಮಕ್ಕಳದು ನಾಲ್ಕೈದು. ಚಿಕ್ಕ ಮಗುವಿಗೂ ಏಳು ತಲೆ ಕೊಟ್ಟರೆ ಅದು ಕುಳ್ಳ ಮನುಷ್ಯನಾಗುತ್ತದೆ.

ಎಂಟು, ಒಂಬತ್ತನೆಯಲ್ಲಿರುವ ಮಕ್ಕಳಿದ್ದರೆ ಮಹಾರಾಷ್ಟ್ರದ ಕಲಾ ನಿರ್ದೇಶನಾಲಯದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳನ್ನು ಕಟ್ಟಿಸಿಬಿಡಿ. ಇದೇ ಅಭ್ಯಾಸ ಅಲ್ಲೇ ಶುರುವಾಗುತ್ತದೆ.

ದಾಖಲೆಗಳಲ್ಲಿ ಮುಗ್ಗರಿಸುವವರು ನಮ್ಮವರಲ್ಲೇ ಹೆಚ್ಚು. ಕರ್ನಾಟಕದ ಜಾತಿ ಪ್ರಮಾಣಪತ್ರದಿಂದ ಮಹಾರಾಷ್ಟ್ರದ ಮೀಸಲಾತಿ ಸಿಗುವುದಿಲ್ಲ. ಇಲ್ಲಿಯ ಪ್ರಮಾಣಪತ್ರಕ್ಕೆ, ಪರಿಶಿಷ್ಟ ಜಾತಿಯವರಾದರೆ ಕುಟುಂಬ 10 ಆಗಸ್ಟ್ 1950ಕ್ಕೆ ಮೊದಲೇ ಈ ರಾಜ್ಯದಲ್ಲಿತ್ತೆಂದು, ಒಬಿಸಿಯವರಾದರೆ 13 ಅಕ್ಟೋಬರ್ 1967ಕ್ಕೆ ಮೊದಲೇ ಇತ್ತೆಂದು ತೋರಿಸಬೇಕು. ಅಜ್ಜನ ಶಾಲಾ ದಾಖಲೆ, ಹಳೆ ಚಾಳಿನ ಬಾಡಿಗೆ ರಸೀದಿ ಇದ್ದರೆ ಈಗಲೇ ಹುಡುಕಿಡಿ. ಅದರ ಮೇಲೆ, ಆ ಜಾತಿ ಪ್ರಮಾಣಪತ್ರ ಸರಿಯಿದೆಯೆಂದು ದೃಢಪಡಿಸುವ ವ್ಯಾಲಿಡಿಟಿ ಪ್ರಮಾಣಪತ್ರವೂ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಫಲಿತಾಂಶ ಬಂದ ಮೇಲೆ ಓಡಾಡಿದರೆ ಆಗದು. ರಾಜ್ಯದ ನಿವಾಸಿಯೆಂಬ ಡೊಮಿಸೈಲ್ ಪ್ರಮಾಣಪತ್ರಕ್ಕೆ ಇಲ್ಲಿ 15 ವರ್ಷದ ವಾಸದ ಪುರಾವೆ ಕೇಳುತ್ತಾರೆ.

ಖರ್ಚಿನಲ್ಲಿ ಶುಲ್ಕಕ್ಕಿಂತ ಸಾಮಗ್ರಿಯೇ ಸದ್ದಿಲ್ಲದೆ ಏರುವುದು. ಮೊದಲ ವರ್ಷ ದುಬಾರಿ ಬಣ್ಣದ ಪೆಟ್ಟಿಗೆ ಬೇಡ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್, ಇದ್ದಿಲು, ಪೋಸ್ಟರ್ ಬಣ್ಣ, ರೀಮುಗಟ್ಟಲೆ ಅಗ್ಗದ ಕಾಗದ ಸಾಕು. ಜಲವರ್ಣಕ್ಕೆ ಮಾತ್ರ ಕಾಗದದಲ್ಲಿ ಚೌಕಾಶಿ ಮಾಡಬೇಡಿ: 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಆದರೆ ನೀರು ತಡೆದೀತು, ತೆಳುವಾದದ್ದು ಸುರುಟಿ ಬಣ್ಣವೆಲ್ಲ ತಗ್ಗಿಗೆ ಹರಿಯುತ್ತದೆ. ಕಾಗದವನ್ನು ಮುಂಬೈಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಗಟಾಗಿ ಕೊಂಡು, ನಾಲ್ಕು ಜನ ಹಂಚಿಕೊಳ್ಳಬಹುದು. ಬೋರ್ಡು ಹಾಫ್ ಇಂಪೀರಿಯಲ್ ಅಳತೆಯದೇ ಇರಲಿ, ಅಂದರೆ 15 ಇಂಚು, 22 ಇಂಚು. ಬೆಳಗಿನ ಡೊಂಬಿವಲಿ ಲೋಕಲ್ಲಿನಲ್ಲಿ ಫುಲ್ ಇಂಪೀರಿಯಲ್ ಬೋರ್ಡು ಹಿಡಿದು ಹತ್ತುವುದು ಆಗದ ಮಾತು. ಎಣ್ಣೆಬಣ್ಣದ ಹಸಿ ಕ್ಯಾನ್ವಾಸ್ ತರಬೇಕಾದಾಗ ಒಂದೇ ಅಳತೆಯ ಎರಡನ್ನು ಬಣ್ಣದ ಮುಖ ಒಳಗಾಗಿಸಿ, ನಾಲ್ಕು ಮೂಲೆಗೆ ಬೆಂಡಿನ ತುಂಡು ಕೊಟ್ಟು ಬಿಗಿಯಾಗಿ ಕಟ್ಟಿ. ಹಾಗೆ ಮಾಡಿದರೆ ನಿಮ್ಮ ಚಿತ್ರವೂ ಉಳಿಯುತ್ತದೆ, ಪಕ್ಕದವರ ಬಿಳಿ ಅಂಗಿಯೂ ಉಳಿಯುತ್ತದೆ.

ನಮಸ್ಕಾರ.