ಮದುವೆ ಕಾಗದದ ಬಳುಕು ಅಕ್ಷರ

ಕೇಳುಗರೇ, ನಮಸ್ಕಾರ. ರೇಡಿಯೋದಲ್ಲಿ ಕೂತು ಅಕ್ಷರದ ಚೆಂದ ಹೇಳುವುದು ಸ್ವಲ್ಪ ಕಷ್ಟ, ಅಲ್ವಾ? ಅದಕ್ಕೇ ಮನೆಯಲ್ಲಿರುವ ಯಾವುದಾದರೂ ಮದುವೆ ಕಾಗದ ಕೈಗೆ ತಗೊಳ್ಳಿ. ಅಡಿಕೆ ಕೊಯ್ಲು ಮುಗಿದ ಮೇಲೆ ಮಲೆನಾಡಿನಲ್ಲಿ ಅದಕ್ಕೇನೂ ಬರ ಇಲ್ಲ.

ಇಂಗ್ಲಿಷ್ ಬದಿ ನೋಡಿ. ಹುಡುಗ ಹುಡುಗಿಯ ಹೆಸರು ಬಲಕ್ಕೆ ವಾಲಿ, ಒಂದಕ್ಷರದ ಬಾಲ ಇನ್ನೊಂದಕ್ಕೆ ಸೇರಿ, ಮೆಣಸಿನ ಬಳ್ಳಿ ಹಬ್ಬಿದ ಹಾಗಿರುತ್ತದೆ. ಇದರ ಮೂಲ ಚೂಪು ನಿಬ್ಬಿನ ಪೆನ್ನು. ಕೆಳಗೆ ಎಳೆಯುವಾಗ ಒತ್ತಿದರೆ ನಿಬ್ಬು ಬಾಯಿ ಬಿಡುತ್ತದೆ, ಗೆರೆ ದಪ್ಪ. ಮೇಲಕ್ಕೆ ಹೋಗುವಾಗ ಕೈ ಹಗುರ ಮಾಡಿದರೆ ಕೂದಲೆಳೆಯಷ್ಟು ಸಣ್ಣ. ಸುಮಾರು ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಸ್ನೆಲ್ ಎಂಬ ಬರವಣಿಗೆಯ ಮೇಷ್ಟ್ರಿದ್ದರು. ಅವರ ಕೈಬರಹ ನೋಡಿ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ 'ಸ್ನೆಲ್ ರೌಂಡ್‌ಹ್ಯಾಂಡ್' ಎಂಬ ಅಚ್ಚಕ್ಷರ ಮಾಡಿದರು. ಅದಕ್ಕೆ ಮುಂಚೆ ಇಂಥ ಅಕ್ಷರ ಇರಲಿಲ್ಲವೆಂದಲ್ಲ. ಆದರೆ ಹಳೆಯ ಅಚ್ಚುಕೂಟದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಅಚ್ಚುಮೊಳೆ, ಅದು ಚೌಕದ ಮೇಲೆ ನಿಲ್ಲುತ್ತಿತ್ತು. ವಾಲಿದ ಅಕ್ಷರದ ಬಾಲ ಚೌಕ ದಾಟಿದರೆ ಮುರಿಯುವ ಭಯ. ಫೋಟೋದಿಂದ ಅಕ್ಷರ ಜೋಡಿಸುವ ಯಂತ್ರ ಬಂದ ಮೇಲೆ ಆ ಬೇಲಿ ಹೋಯಿತು.

ಈಗ ಕಾಗದ ತಿರುಗಿಸಿ. ನಮ್ಮ ಅಕ್ಷರಗಳು ಹಾಗೆ ಕೈಕೈ ಹಿಡಿಯುವುದಿಲ್ಲ. ಬಳುಕಿಸಬೇಕಾದರೆ ತಲೆಕಟ್ಟು, ಕೊಂಬು, ಒತ್ತಿನ ಬಾಲ, ಇಷ್ಟರಲ್ಲೇ ಬಳುಕಿಸಬೇಕು. ಬಾಲ ಜಾಸ್ತಿ ಎಳೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಜಗಳ ಶುರು. ನನ್ನನ್ನು ಕೇಳಿದರೆ ಇಂಥ ಅಕ್ಷರ ಹೆಸರಿಗೆ ಸಾಕು, ಹೆಚ್ಚೆಂದರೆ 'ಮಮತೆಯ ಕರೆಯೋಲೆ' ಎಂಬ ತಲೆಸಾಲಿಗೆ.

ಅಕ್ಷರಕ್ಕೆ ಶೃಂಗಾರ ಮಾಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ ಬಿಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದರೆ ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಶಾಸನದ ಕಂಬ ಇದೆ. 5ನೇ ಶತಮಾನದ್ದು. ಭಾಷೆ ಸಂಸ್ಕೃತ. ಅಕ್ಷರಗಳ ತಲೆ ಮೇಲೆ ಪುಟ್ಟ ಪೆಟ್ಟಿಗೆ ಇಟ್ಟ ಹಾಗೆ ಕೆತ್ತಿದ್ದಾರೆ. ಆ ಶಾಸನದ ಪದ್ಯ ಕಟ್ಟಿದ ಕುಬ್ಜ ಎಂಬ ಹೆಸರಿನ ಕವಿ, ಕಲ್ಲಿನ ಮೇಲೆ ತಾನೇ ಬರೆದೆನೆಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಹೇಳಿಕೊಳ್ಳಲಿ, ಅಂಥ ಕೈ ಅದು.

ನಮ್ಮ ಮನೆಯಲ್ಲಿ ದೊಡ್ಡ ತಂಗಿಯ ಮದುವೆಗೆ ಕಾಗದ ಮಾಡಿಸಿದಾಗ ಆಸೆಗೆ ಬಿದ್ದು ಹೆಸರು, ಛತ್ರ, ಮುಹೂರ್ತ ಎಲ್ಲವನ್ನೂ ಬಳುಕು ಅಕ್ಷರದಲ್ಲೇ ಹಾಕಿಸಿದೆವು. ಕನ್ನಡ ಅಂಕಿ ಬೇರೆ. ಬೆಳಿಗ್ಗೆ ೬ ಗಂಟೆಯ ಮುಹೂರ್ತ ಹೊಸನಗರದ ದೊಡ್ಡಪ್ಪನಿಗೆ ೯ ಆಗಿ ಕಂಡಿತು. ಅವರು ಬರುವಷ್ಟರಲ್ಲಿ ಧಾರೆ ಮುಗಿದು ಎಲ್ಲರೂ ತಿಂಡಿಗೆ ಕೂತಿದ್ದರು. ದೊಡ್ಡಪ್ಪ ಯಾರನ್ನೂ ಬೈಯಲಿಲ್ಲ, ಕಾಗದ ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು, ಅಷ್ಟೇ.

ಸಣ್ಣ ತಂಗಿಯ ಮದುವೆಗೆ ಹೆಸರು ಮಾತ್ರ ಬಳುಕಿತು. ಗಂಟೆಯನ್ನು ದಪ್ಪ, ನೆಟ್ಟಗಿನ ಅಕ್ಷರದಲ್ಲಿ ಹಾಕಿಸಿದೆವು. ದೊಡ್ಡಪ್ಪ ಆದರೂ ಹಿಂದಿನ ದಿನ ಫೋನ್ ಮಾಡಿ, "ಎಷ್ಟು ಗಂಟೆಗೋ ಮಾರಾಯ, ಬಾಯಲ್ಲೇ ಹೇಳು" ಅಂದರು.