ವಿಮಾನ ಹತ್ತುವ ಮೊದಲು ಬ್ಯಾಂಕಿಗೊಮ್ಮೆ

ಕೇಳುಗರಿಗೆ ನಮಸ್ಕಾರ.

ದುಬೈಗೋ ದೋಹಾಕ್ಕೋ ಕೆಲಸಕ್ಕೆ ಹೊರಟವರ ಮನೆಯಲ್ಲಿ ಕೊನೆಯ ವಾರವೆಲ್ಲ ಪೆಟ್ಟಿಗೆ ಕಟ್ಟುವ ಗಡಿಬಿಡಿ. ಕುಚ್ಚಲಕ್ಕಿ, ಉಪ್ಪಿನಕಾಯಿ, ಮಾತ್ರೆ ಎಲ್ಲದಕ್ಕೂ ಪಟ್ಟಿ ಇರುತ್ತದೆ. ಬ್ಯಾಂಕಿನ ವಿಷಯಕ್ಕೆ ಮಾತ್ರ ಒಂದೇ ವ್ಯವಸ್ಥೆ: ಎಟಿಎಂ ಕಾರ್ಡು ಅಮ್ಮನ ಕೈಗೆ, ಪಿನ್ ನಂಬರು ಕ್ಯಾಲೆಂಡರಿನ ಹಿಂದೆ. ಹೀಗೆ ಎರಡು ಮೂರು ವರ್ಷ ನಡೆದೂಬಿಡುತ್ತದೆ. ಆಮೇಲೊಂದು ದಿನ ಕಾರ್ಡಿನ ಅವಧಿ ಮುಗಿಯುತ್ತದೆ, ಇಲ್ಲವೇ ಕೆವೈಸಿ ಬಾಕಿ ಎಂದು ಖಾತೆ ತಡೆಹಿಡಿಯಲ್ಪಡುತ್ತದೆ. ಅಮ್ಮ ಬ್ಯಾಂಕಿಗೆ ಹೋದರೆ ಖಾತೆದಾರರೇ ಬರಬೇಕು ಅನ್ನುತ್ತಾರೆ. ಖಾತೆದಾರರು ಇರುವುದು ಮೂರು ಸಾವಿರ ಕಿಲೋಮೀಟರ್ ದೂರದಲ್ಲಿ.

ಹೊರಡುವ ಮೊದಲು ಅರ್ಧ ದಿನ ಬ್ಯಾಂಕಿಗೆ ಕೊಟ್ಟರೆ ಇದನ್ನೆಲ್ಲ ತಪ್ಪಿಸಬಹುದು.

ಮೊದಲು ಕಾನೂನಿನ ಮಾತು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ 1999ರ ಫೆಮಾ ಪ್ರಕಾರ, ಕೆಲಸಕ್ಕೆಂದು ದೇಶ ಬಿಟ್ಟವರು ಹೊರಟಾಗಲೇ ಅನಿವಾಸಿಗಳಾಗುತ್ತಾರೆ. 182 ದಿನ ಕಾಯಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಆ ದಿನಗಳ ಲೆಕ್ಕ ಮುಖ್ಯವಾಗಿ ಆದಾಯ ತೆರಿಗೆಗೆ ಬೇಕಾದದ್ದು. ಫೆಮಾ ಇಲ್ಲಿ ನೋಡುವುದು ಹೋಗುವ ಉದ್ದೇಶವನ್ನು. ಓದಲು ಹೋಗುವ ವಿದ್ಯಾರ್ಥಿಗಳನ್ನೂ ರಿಸರ್ವ್ ಬ್ಯಾಂಕ್ 2003ರಿಂದ ಅನಿವಾಸಿಗಳೆಂದೇ ಪರಿಗಣಿಸುತ್ತಿದೆ. ಅನಿವಾಸಿಯಾದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆ ಹಾಗೆಯೇ ಮುಂದುವರಿಯುವಂತಿಲ್ಲ. ಅದನ್ನು ಎನ್‌ಆರ್‌ಓ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ಫೆಮಾ ಉಲ್ಲಂಘನೆಗೆ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೂ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಎನ್‌ಆರ್‌ಓ, ಎನ್‌ಆರ್‌ಇ ಎಂದು ಎರಡು ಹೆಸರು ಕೇಳಿ ಗಾಬರಿಯಾಗುವುದು ಬೇಡ. ಇಲ್ಲಿ ಹುಟ್ಟುವ ಹಣ, ಅಂದರೆ ಮನೆ ಬಾಡಿಗೆ, ಪಿಂಚಣಿ, ಡಿವಿಡೆಂಡ್, ಎನ್‌ಆರ್‌ಓಗೆ. ಅಲ್ಲಿ ದುಡಿದು ಕಳಿಸುವ ಹಣ ಎನ್‌ಆರ್‌ಇಗೆ. ಎರಡೂ ರೂಪಾಯಿ ಖಾತೆಗಳೇ. ಎನ್‌ಆರ್‌ಇಯ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಅಸಲು ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಹೊರಕ್ಕೆ ಒಯ್ಯಬಹುದು. ಎನ್‌ಆರ್‌ಓ ಬಡ್ಡಿಯಲ್ಲಿ ಬ್ಯಾಂಕು ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್, ಒಟ್ಟು ಶೇಕಡಾ 31.2ರಷ್ಟು ಮೊದಲೇ ಮುರಿದುಕೊಳ್ಳುತ್ತದೆ. ನಿವಾಸಿಗಳಿಗೆ ಇರುವ ಹಾಗೆ ಇಷ್ಟು ಸಾವಿರದವರೆಗೆ ಮುರಿಯುವುದಿಲ್ಲ ಎಂಬ ವಿನಾಯಿತಿ ಇಲ್ಲಿಲ್ಲ. ನೂರು ರೂಪಾಯಿ ಬಡ್ಡಿ ಬಂದರೂ ಮುರಿಯುತ್ತಾರೆ. ನಿಮ್ಮ ಒಟ್ಟು ಆದಾಯಕ್ಕೆ ಅಷ್ಟು ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ಹೆಚ್ಚುವರಿಯನ್ನು ವಾಪಸು ಪಡೆಯಬಹುದು. ಭಾರತದೊಂದಿಗೆ ತೆರಿಗೆ ಒಪ್ಪಂದವಿರುವ ದೇಶದಲ್ಲಿದ್ದರೆ, ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರವನ್ನು ಪ್ರತಿ ವರ್ಷ ಬ್ಯಾಂಕಿಗೆ ಕೊಟ್ಟು ಮುರಿಯುವ ದರವನ್ನೇ ಇಳಿಸಿಕೊಳ್ಳಬಹುದು.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಕೊಲ್ಲಿಯಿಂದ ಬರುವ ಸಂಬಳದ ಹಣವನ್ನು ಎನ್‌ಆರ್‌ಓಗೇ ಹಾಕಿಸಿಕೊಳ್ಳುತ್ತಾರೆ, ಇಲ್ಲವೇ ಎನ್‌ಆರ್‌ಇಯಿಂದ ಎನ್‌ಆರ್‌ಓಗೆ ದಾಟಿಸುತ್ತಾರೆ. ಆ ಕಡೆ ಹೋಗುವುದು ಸುಲಭ, ಈ ಕಡೆ ಬರುವುದು ಕಷ್ಟ. ಎನ್‌ಆರ್‌ಓದಿಂದ ಹಣ ಹೊರಕ್ಕೆ ಹೋಗಬೇಕಾದರೂ, ಎನ್‌ಆರ್‌ಇಗೆ ಮರಳಬೇಕಾದರೂ, ತೆರಿಗೆ ಕಟ್ಟಿದ ದಾಖಲೆ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಎಂದು ಓಡಾಟ ಶುರುವಾಗುತ್ತದೆ. ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರಿನ ಮಿತಿಯೂ ಇದೆ. ಹಾಗೆಯೇ ಊರಿಗೆ ಬಂದಾಗ ಕೈಯಲ್ಲಿರುವ ರೂಪಾಯಿ ನೋಟುಗಳನ್ನು ಎನ್‌ಆರ್‌ಇಗೆ ಕಟ್ಟಲಾಗದು. ಕಟ್ಟಲೇಬೇಕೆಂದರೆ ನೀವು ತಂದ ವಿದೇಶಿ ನೋಟುಗಳನ್ನು ಪಾಸ್‌ಪೋರ್ಟ್ ತೋರಿಸಿ ಕೊಡಬೇಕು.

ಖಾತೆ ಬದಲಾಗುವಾಗ ಕೆಲವು ಬ್ಯಾಂಕುಗಳಲ್ಲಿ ಖಾತೆಯ ಸಂಖ್ಯೆಯೇ ಬದಲಾಗುತ್ತದೆ. ಹಳೆಯ ಸಂಖ್ಯೆಗೆ ಜೋಡಿಸಿದ್ದ ಗೃಹಸಾಲದ ಕಂತು, ಎಲ್‌ಐಸಿ ಪ್ರೀಮಿಯಂ, ಮ್ಯೂಚುವಲ್ ಫಂಡಿನ ಕಂತು ಎಲ್ಲ ಒಂದೇ ತಿಂಗಳಲ್ಲಿ ಬೌನ್ಸ್ ಆಗುತ್ತವೆ. ದಂಡ ಬೇರೆ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕಕ್ಕೂ ಪೆಟ್ಟು. ಆದ್ದರಿಂದ ಅರ್ಜಿ ಕೊಡುವ ಮೊದಲು ಕಳೆದ ಹನ್ನೆರಡು ತಿಂಗಳ ಪಾಸ್‌ಬುಕ್ ಮುದ್ರಿಸಿಕೊಂಡು, ತಾನಾಗಿ ಕಡಿತವಾಗುವ ಪ್ರತಿಯೊಂದು ಬಾಬತ್ತಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ. ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು ಮೂರು ತಿಂಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ಅದಕ್ಕೇ ಹನ್ನೆರಡು ತಿಂಗಳು.

ಇನ್ನು ಅಮ್ಮನ ಕೈಯಲ್ಲಿರುವ ಕಾರ್ಡಿನ ವಿಷಯ. ಕಾರ್ಡು, ಪಿನ್ ಯಾರಿಗೂ ಕೊಡಬಾರದು ಎಂಬುದು ಬ್ಯಾಂಕಿನ ಷರತ್ತು. ಹಣ ಹೋದರೆ, ಪಿನ್ ನೀವೇ ಕೊಟ್ಟಿದ್ದೀರಿ ಎಂಬ ಕಾರಣಕ್ಕೆ ದೂರು ಬಿದ್ದುಹೋಗುತ್ತದೆ. ಇದಕ್ಕಿಂತ ಸರಳವಾದ, ನನ್ನ ಮಟ್ಟಿಗೆ ಅತ್ಯುತ್ತಮವಾದ ದಾರಿಯೆಂದರೆ ಅಮ್ಮನ ಹೆಸರಿನಲ್ಲೇ ಒಂದು ಉಳಿತಾಯ ಖಾತೆ, ಅವರದ್ದೇ ಕಾರ್ಡು, ಮತ್ತು ತಿಂಗಳ 5ನೇ ತಾರೀಕು ಇಷ್ಟು ರೂಪಾಯಿ ಅಲ್ಲಿಗೆ ಹೋಗಲಿ ಎಂದು ನಿಮ್ಮ ಖಾತೆಗೊಂದು ಸ್ಥಾಯಿ ಸೂಚನೆ. ಮಗ ತಾಯಿಗೆ ಕಳಿಸುವ ಹಣಕ್ಕೆ ತಾಯಿಗೆ ತೆರಿಗೆ ಬೀಳುವುದಿಲ್ಲ. ಮನೆ ಕಟ್ಟಿಸುವಂಥ ದೊಡ್ಡ ಖರ್ಚು ಇದ್ದರೆ, ಇಲ್ಲಿರುವ ಹತ್ತಿರದ ಸಂಬಂಧಿಯೊಬ್ಬರಿಗೆ ಬ್ಯಾಂಕಿನ ನಮೂನೆಯಲ್ಲೇ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಡಿ. ಅವರು ಇಲ್ಲಿನ ಪಾವತಿಗಳನ್ನು ಮಾಡಬಹುದು, ಆದರೆ ನಿಮ್ಮ ಪರವಾಗಿ ಯಾರಿಗೂ ಹಣ ಉಡುಗೊರೆ ಕೊಡುವಂತಿಲ್ಲ. ಜಂಟಿ ಖಾತೆಯೂ ಸಾಧ್ಯ. ಆದರೆ ಸಂಬಂಧಿ ನಿವಾಸಿಯಾಗಿದ್ದರೆ ‘ಮೊದಲನೆಯವರು ಅಥವಾ ಬದುಕುಳಿದವರು’ ಎಂಬ ಕ್ರಮದಲ್ಲಿ ಮಾತ್ರ. ಹಾಗೆಂದರೆ ನೀವು ಬದುಕಿರುವವರೆಗೆ ಅವರು ಖಾತೆ ನಡೆಸಬೇಕಾದರೆ ಅಧಿಕಾರ ಪತ್ರ ಬೇಕೇ ಬೇಕು. ನಾಮಿನಿ ಹೆಸರನ್ನು ಅದೇ ದಿನ ನೋಡಿಬಿಡಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು.

ಬ್ಯಾಂಕಿನಷ್ಟೇ ಮುಖ್ಯವಾದದ್ದು ಸಿಮ್ ಕಾರ್ಡು. ಒಟಿಪಿ ಬರುವುದು ಅದಕ್ಕೆ. ರೀಚಾರ್ಜ್ ಇಲ್ಲದೆ, ಬಳಕೆ ಇಲ್ಲದೆ 90 ದಿನ ಕಳೆದರೆ ಸಂಖ್ಯೆ ಕೈಬಿಟ್ಟು ಹೋಗುವ ಅಪಾಯವಿದೆ. ಹೋದ ಸಂಖ್ಯೆ ಮುಂದೆ ಬೇರೊಬ್ಬರಿಗೆ ಸಿಗುತ್ತದೆ, ನಿಮ್ಮ ಒಟಿಪಿಯೂ ಅವರಿಗೇ. ಒಂದೋ ರೋಮಿಂಗ್ ಚಾಲೂ ಮಾಡಿಸಿ ಸಿಮ್ ಜೊತೆಗೇ ಒಯ್ಯಿರಿ, ಒಂದೋ ಹೊರದೇಶದ ಸಂಖ್ಯೆಯನ್ನೇ ಬ್ಯಾಂಕಿನಲ್ಲಿ ನೋಂದಾಯಿಸಿ. ಯುಎಇ, ಸೌದಿ, ಕತಾರ್, ಒಮಾನ್, ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಸಂಖ್ಯೆಯ ಮೇಲೆ, ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆ ಜೋಡಿಸಿ ಯುಪಿಐ ಬಳಸಲು 2023ರಲ್ಲೇ ಅನುಮತಿ ಸಿಕ್ಕಿದೆ.

ಈಗ ಕೈಖರ್ಚಿನ ಹಣ. ಹೆಚ್ಚಿನ ದೇಶಗಳಿಗೆ ಹೋಗುವಾಗ ನೋಟಿನ ರೂಪದಲ್ಲಿ 3,000 ಡಾಲರ್ ಅಥವಾ ಅದಕ್ಕೆ ಸಮನಾದ ವಿದೇಶಿ ಹಣ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಭಾರತದ ರೂಪಾಯಿ 25,000ದವರೆಗೆ. ವಿದೇಶಿ ನೋಟು ಕೊಳ್ಳುವಾಗ ಒಟ್ಟು ಬೆಲೆ 50,000 ರೂಪಾಯಿಗಿಂತ ಕಡಿಮೆಯಿದ್ದರೆ ಮಾತ್ರ ನಗದು ಕೊಡಬಹುದು, ಅಷ್ಟಾದರೆ ಅಥವಾ ಮೀರಿದರೆ ಪೂರ್ತಿ ಮೊತ್ತಕ್ಕೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಬೇಕು. ರಸೀದಿ ಕೇಳಿ ಪಡೆಯಿರಿ.

ಎಟಿಎಂ ಕಾರ್ಡು ಅಲ್ಲಿ ನಡೆಯುತ್ತದೆಯೇ? ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ಹೊರಡುವ ಮೊದಲು ಆ್ಯಪ್‌ನಲ್ಲಿ ಅದನ್ನು ತೆರೆದು, ದಿನದ ಮಿತಿಯನ್ನೂ ನಿಗದಿ ಮಾಡಿ. ದೇಶದೊಳಗಷ್ಟೇ ನಡೆಯುವ ರುಪೇ ಕಾರ್ಡು ಇದ್ದರೆ ಬದಲಾಯಿಸಿಕೊಳ್ಳಿ. ಎರಡು ಬೇರೆ ಬ್ಯಾಂಕಿನ ಕಾರ್ಡುಗಳನ್ನು ಎರಡು ಬೇರೆ ಚೀಲದಲ್ಲಿಡಿ. ಒಂದನ್ನು ಯಂತ್ರ ನುಂಗಿದರೆ ಇನ್ನೊಂದು ಕೈಹಿಡಿಯುತ್ತದೆ.

ಖರ್ಚಿನ ಲೆಕ್ಕ ಹೀಗೆ. ಪ್ರತಿ ಸಲ ತೆಗೆದಾಗ 200 ರೂಪಾಯಿ ಶುಲ್ಕ, ಜೊತೆಗೆ ವಿನಿಮಯ ದರದ ಮೇಲೆ ಬ್ಯಾಂಕು ಸೇರಿಸುವ ಶೇಕಡಾ ಮೂರೂವರೆ ಮಾರ್ಜಿನ್ ಎಂದಿಟ್ಟುಕೊಳ್ಳಿ. 5,000 ರೂಪಾಯಿಯಷ್ಟು ತೆಗೆದರೆ 375 ರೂಪಾಯಿ ಹೋಯಿತು, ಅಂದರೆ ಶೇಕಡಾ ಏಳೂವರೆ. 20,000ದಷ್ಟು ಒಟ್ಟಿಗೆ ತೆಗೆದರೆ 900 ರೂಪಾಯಿ, ಶೇಕಡಾ ನಾಲ್ಕೂವರೆ. ಚಿಲ್ಲರೆ ಚಿಲ್ಲರೆಯಾಗಿ ತೆಗೆಯುವುದೇ ದುಬಾರಿ. ಅಲ್ಲಿನ ಯಂತ್ರವನ್ನು ನಡೆಸುವ ಬ್ಯಾಂಕು ತನ್ನ ಶುಲ್ಕ ಹಾಕಿದರೆ ಅದು ಬೇರೆ. ಪರದೆಯ ಮೇಲೆ ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ’ ಎಂದು ಯಂತ್ರ ಕೇಳಬಹುದು. ನಮ್ಮ ರೂಪಾಯಿ ಕಂಡಾಗ ಹೌದು ಅನ್ನಿಸುವುದು ಸಹಜ, ಆದರೆ ಬೇಡ ಅನ್ನಿ. ಆ ದರ ನಿಮ್ಮ ಬ್ಯಾಂಕಿನದ್ದಲ್ಲ, ಯಂತ್ರದವರದ್ದು. ದಿರಹಮ್ಮೋ ಯೂರೋವೋ, ಆಯಾ ದೇಶದ ನಾಣ್ಯವನ್ನೇ ಆರಿಸಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಓಡುತ್ತದೆ. ವಿದೇಶಿ ಹಣವನ್ನು ಮೊದಲೇ ತುಂಬಿಟ್ಟುಕೊಳ್ಳುವ ಫಾರೆಕ್ಸ್ ಕಾರ್ಡು ಒಳ್ಳೆಯದೇ, ಆದರೆ ಡಾಲರ್ ತುಂಬಿದ ಕಾರ್ಡನ್ನು ಜರ್ಮನಿಯಲ್ಲಿ ಉಜ್ಜಿದರೆ ಮತ್ತೊಂದು ವಿನಿಮಯ ಶುಲ್ಕ ಬೀಳುತ್ತದೆ.

ಜರ್ಮನಿಗೆ ಓದಲು ಹೋಗುವ ಮಕ್ಕಳ ತಂದೆತಾಯಿಗೆ ಒಂದು ಮಾತು. ಅಲ್ಲಿನ ವೀಸಾಕ್ಕಾಗಿ ತೆರೆಯುವ ಬ್ಲಾಕ್ಡ್ ಖಾತೆಯಲ್ಲಿ ವರ್ಷಕ್ಕೆಂದು 11,904 ಯೂರೋ ಇಟ್ಟರೂ, ತಿಂಗಳಿಗೆ ಕೈಗೆ ಸಿಗುವುದು 992 ಮಾತ್ರ, ಅದೂ ಅಲ್ಲಿ ಹೋಗಿ ವಿಳಾಸ ನೋಂದಾಯಿಸಿ, ಮಾಮೂಲಿ ಖಾತೆ ತೆರೆದ ಮೇಲೆ. ಮೊದಲ ಕೆಲವು ವಾರದ ಬಾಡಿಗೆ, ಮುಂಗಡ, ಊಟಕ್ಕೆ ಬೇರೆ ಹಣ ಕೈಯಲ್ಲಿರಲಿ.

ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಕೇಳಿದರೆ ವಾಪಸು ಬರುತ್ತದೆ, ಆದರೆ ಓಡಾಟ ತಪ್ಪುವುದಿಲ್ಲ. ಬ್ಯಾಂಕು ಹಾಕುವ ಬಡ್ಡಿ ವ್ಯವಹಾರವೆಂದು ಲೆಕ್ಕಕ್ಕೆ ಬರುವುದಿಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ಒಂದು ಸಣ್ಣ ಮೊತ್ತ ಕಟ್ಟಿ ಅಥವಾ ತೆಗೆಯಿರಿ, ಹೊಸ ಪಾಸ್‌ಪೋರ್ಟ್, ವೀಸಾದ ಪ್ರತಿ ಕೊಟ್ಟು ಕೆವೈಸಿಯನ್ನೂ ಮುಗಿಸಿ.

ಕೆಲಸ ಮುಗಿಸಿ ಶಾಶ್ವತವಾಗಿ ಮರಳುವವರು ಅಲ್ಲಿನ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆದೇ ಖಾತೆ ಮುಚ್ಚಿಸಿ. ತರುವ ವಿದೇಶಿ ನೋಟು 5,000 ಡಾಲರ್ ಮೀರಿದರೆ, ಅಥವಾ ನೋಟು ಮತ್ತಿತರ ರೂಪದ ಹಣ ಒಟ್ಟು 10,000 ಡಾಲರ್ ಮೀರಿದರೆ, ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸಿಗೆ ಘೋಷಣೆ ಬರೆದುಕೊಡಬೇಕು. ಆಮೇಲೆ ಶಾಖೆಗೆ ಹೋಗಿ ಎನ್‌ಆರ್‌ಇ, ಎನ್‌ಆರ್‌ಓ ಎರಡನ್ನೂ ನಿವಾಸಿ ಖಾತೆಯಾಗಿ ಬದಲಾಯಿಸಲು ಅರ್ಜಿ ಕೊಡಿ. ಎನ್‌ಆರ್‌ಇಯ ಹಣವನ್ನು ವಿದೇಶಿ ನಾಣ್ಯದಲ್ಲೇ ಇಟ್ಟುಕೊಳ್ಳುವ ಮನಸ್ಸಿದ್ದರೆ ಆರ್‌ಎಫ್‌ಸಿ ಖಾತೆ ಕೇಳಿ.

ನಮಸ್ಕಾರ.